ಮುಟ್ಟು ನಿಲ್ಲುವ ಹೊತ್ತಿಗೆ ಮುಖಕ್ಕೆ ಏನು ಹಚ್ಚಬೇಕು, ಏನು ಬಿಡಬೇಕು?

[ಕ್ಯಾಮೆರಾ ಎದುರು. ಕೈಯಲ್ಲಿ ಅರ್ಧ ಖಾಲಿಯಾದ ಫೇಸ್‌ವಾಶ್ ಟ್ಯೂಬ್.]

ಹತ್ತು ವರ್ಷದಿಂದ ನಾನು ಬಳಸುತ್ತಿದ್ದ ಫೇಸ್‌ವಾಶ್ ಇದು. ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ. ಕಳೆದ ವರ್ಷ ಇದ್ದಕ್ಕಿದ್ದಂತೆ ಮುಖ ತೊಳೆದರೆ ಸಾಕು, ಕೆನ್ನೆ ಬಿಗಿ, ತುಟಿಯ ಪಕ್ಕ ಉರಿ. ಟ್ಯೂಬ್ ಅದೇ. ಬದಲಾಗಿದ್ದು ನನ್ನ ಚರ್ಮ.

45ರಿಂದ 55ರ ಒಳಗೆ ಹೆಚ್ಚಿನವರಿಗೆ ಮುಟ್ಟು ನಿಲ್ಲುತ್ತದೆ. ಅದಕ್ಕೂ ಕೆಲವು ವರ್ಷ ಮೊದಲೇ ಈಸ್ಟ್ರೋಜನ್ ಏರುಪೇರಾಗಲು ಶುರುವಾಗಿರುತ್ತದೆ. ಚರ್ಮ ನೀರು ಹಿಡಿದಿಟ್ಟುಕೊಳ್ಳಲು, ದಪ್ಪವಾಗಿ ಬಿಗಿಯಾಗಿ ಇರಲು ಈ ಹಾರ್ಮೋನ್ ಬೇಕು. ಅದು ಕಡಿಮೆಯಾದಾಗ ಚರ್ಮ ಒಣಗುತ್ತದೆ, ತೆಳುವಾಗುತ್ತದೆ. ಮುಟ್ಟು ನಿಂತ ಮೊದಲ 5 ವರ್ಷದಲ್ಲೇ ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜನ್ ಅನ್ನುವ ಪ್ರೋಟೀನ್ ಸುಮಾರು ಶೇ. 30ರಷ್ಟು ಹೋಗುತ್ತದೆ. ಇನ್ನು ಕೆಲವರಿಗೆ ಗದ್ದದ ಸುತ್ತ ಹದಿಹರೆಯದ ಮೊಡವೆ ವಾಪಸ್ ಬರುತ್ತದೆ. ಒಂದು ಕಡೆ ಒಣ, ಇನ್ನೊಂದು ಕಡೆ ಮೊಡವೆ. ಕೋಪ ಬರುತ್ತೆ, ಅಲ್ವಾ?

ಮೈಮೇಲೆ ಇರುವೆ ಹರಿದ ಹಾಗೆ ಆಗುವುದೂ ಉಂಟು. ಅದು ನಿಮ್ಮ ಭ್ರಮೆಯಲ್ಲ. ವೈದ್ಯರು ಅದನ್ನು ಫಾರ್ಮಿಕೇಶನ್ ಅನ್ನುತ್ತಾರೆ. ಲ್ಯಾಟಿನ್‌ನಲ್ಲಿ ಫಾರ್ಮಿಕಾ ಅಂದರೆ ಇರುವೆಯೇ!

[ಕಿಟಕಿ ಪಕ್ಕ, ಕನ್ನಡಿ ಹಿಡಿದು.]

ಹೊಸದೇನಾದರೂ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಬೆಳಿಗ್ಗೆ ಎಂದಿನಂತೆ ಮುಖ ತೊಳೆಯಿರಿ. ಒತ್ತಿ ಒರೆಸಿ. ಏನೂ ಹಚ್ಚಬೇಡಿ. ಅರ್ಧ ಗಂಟೆ ಬಿಟ್ಟು ಬೆಳಕಿನಲ್ಲಿ ನೋಡಿಕೊಳ್ಳಿ. ಬಾಯಿ ಅಗಲಿಸಿದರೆ ಕೆನ್ನೆ ಎಳೆಯುತ್ತದೆಯಾ? ಮೂಗಿನ ಪಕ್ಕ ಬಿಳಿ ಪುಡಿ ಏಳುತ್ತಿದೆಯಾ? ಹಾಗಿದ್ದರೆ ನೀವು ಸೇರಿಸುವುದಕ್ಕಿಂತ ತೆಗೆಯಬೇಕಾದ್ದು ಜಾಸ್ತಿ ಇದೆ. ಸ್ಕ್ರಬ್ ತೆಗೆಯಿರಿ. ಉರಿಯುವ ಟೋನರ್ ತೆಗೆಯಿರಿ. ನೊರೆ ಸೋಪ್ ಕೂಡ. ಚರ್ಮದ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಸುಮಾರು 5; ಮಾಮೂಲಿ ಸೋಪಿನದ್ದು 9ರಿಂದ 10, ಅಂದರೆ ಕ್ಷಾರ. ಇಪ್ಪತ್ತರ ಚರ್ಮ ಅದನ್ನು ಹೇಗೋ ಸುಧಾರಿಸಿಕೊಳ್ಳುತ್ತಿತ್ತು. ಈಗ ಆಗುವುದಿಲ್ಲ. ನೊರೆ ಕಡಿಮೆ ಬರುವ, ಮೃದುವಾದ ಕ್ಲೆನ್ಸರ್ ಸಾಕು. ಮೊಡವೆ ಇದೆ ಅಂತ ಮುಖ ಒಣಗಿಸಲು ಹೋಗಬೇಡಿ.

ಸ್ನಾನ ಮಾಡಿ ಮೈ ಇನ್ನೂ ಒದ್ದೆ ಇರುವಾಗಲೇ, 2-3 ನಿಮಿಷದೊಳಗೆ ಮಾಯಿಶ್ಚರೈಸರ್ ಹಚ್ಚಿ. ಡಬ್ಬಿಯ ಹಿಂದೆ ನೀರು ಹಿಡಿದಿಡುವ ಗ್ಲಿಸರಿನ್, ಚರ್ಮದಲ್ಲೇ ಇರುವಂಥ ಕೊಬ್ಬಿನಂಶ ಸೆರಮೈಡ್ ಇದೆಯಾ ನೋಡಿ. 'ಅನ್‌ಸೆಂಟೆಡ್' ಅಂದರೆ ವಾಸನೆ ಬರುವುದಿಲ್ಲ ಅಷ್ಟೇ, ವಾಸನೆ ಮುಚ್ಚಲು ಬೇರೇನೋ ಹಾಕಿರಬಹುದು. ಚರ್ಮ ಸಿಡುಕುತ್ತಿದ್ದರೆ 'ಫ್ರೇಗ್ರೆನ್ಸ್ ಫ್ರೀ' ಅಂತ ಬರೆದದ್ದನ್ನೇ ತೆಗೆದುಕೊಳ್ಳಿ. ಒಡೆದ ಹಿಮ್ಮಡಿಗೆ ಪೆಟ್ರೋಲಿಯಂ ಜೆಲ್ಲಿಗಿಂತ ದೊಡ್ಡದೇನೂ ಬೇಕಿಲ್ಲ. ಇನ್ನು ಕೊಲಾಜನ್ ಕ್ರೀಮ್. ಕೊಲಾಜನ್ ಕಣ ಚರ್ಮದೊಳಗೆ ಇಳಿಯಲಾರದಷ್ಟು ದೊಡ್ಡದು. ಮೇಲೆ ನಿಂತು ತೇವ ಉಳಿಸುತ್ತದೆ, ಆ ಕೆಲಸಕ್ಕೆ ಅಷ್ಟು ದುಡ್ಡು ಸುಮ್ನೆ ದಂಡ.

ಸನ್‌ಸ್ಕ್ರೀನ್ ಬಿಡುವಂತಿಲ್ಲ. ಎಸ್‌ಪಿಎಫ್ (ಬಿಸಿಲಿನಿಂದ ಕಾಯುವ ಅಳತೆ) 30 ಅಥವಾ ಹೆಚ್ಚು, ಎರಡು ಬೆರಳ ಉದ್ದಕ್ಕೂ ಹಿಂಡಿದಷ್ಟು, ಮುಖಕ್ಕೂ ಕುತ್ತಿಗೆಗೂ. ಬಿಸಿಲಲ್ಲಿದ್ದರೆ 2 ಗಂಟೆಗೊಮ್ಮೆ ಮತ್ತೆ.

[ಬೆರಳ ತುದಿಯಲ್ಲಿ ಬಟಾಣಿ ಕಾಳಿನಷ್ಟು ಕ್ರೀಮ್, ಹತ್ತಿರದಿಂದ.]

ರೆಟಿನಾಲ್, ಅಂದರೆ ವಿಟಮಿನ್ ಎ ಯ ಒಂದು ರೂಪ. ಕೊಲಾಜನ್ ಹೆಚ್ಚಿಸಲು ನೆರವಾಗುತ್ತದೆ ಅನ್ನುವುದಕ್ಕೆ ಆಧಾರ ಇರುವ ಕೆಲವೇ ವಸ್ತುಗಳಲ್ಲಿ ಇದೂ ಒಂದು. ನಾನು ಮಾಡಿದ ತಪ್ಪು ಕೇಳಿ. ಬೇಗ ಫಲ ಸಿಗಲಿ ಅಂತ ಮೊದಲ ವಾರವೇ ದಿನಾ ರಾತ್ರಿ ಬಳಿದುಕೊಂಡೆ. ಐದನೇ ದಿನಕ್ಕೆ ಮೂಗಿನ ಎರಡೂ ಪಕ್ಕ ಈರುಳ್ಳಿ ಸಿಪ್ಪೆ ಥರ ಎದ್ದಿತ್ತು. ನಕ್ಕರೂ ಉರಿ. ಎರಡು ವಾರ ಎಲ್ಲಾ ಬಿಟ್ಟು ಬರೀ ಮಾಯಿಶ್ಚರೈಸರ್ ಹಚ್ಚಿಕೊಂಡು ಕೂತೆ. ಈಗ ವಾರಕ್ಕೆ ಎರಡೇ ರಾತ್ರಿ, ಇಡೀ ಮುಖಕ್ಕೆ ಇಷ್ಟೇ ಇಷ್ಟು. ಮೊದಲು ಮಾಯಿಶ್ಚರೈಸರ್, ನಡುವೆ ರೆಟಿನಾಲ್, ಮೇಲೆ ಮತ್ತೆ ಮಾಯಿಶ್ಚರೈಸರ್. ಗೆರೆಗಳಲ್ಲಿ ವ್ಯತ್ಯಾಸ ಕಾಣಲು ಕನಿಷ್ಠ 3 ತಿಂಗಳು ಬೇಕು. ಒಂದು ಎಚ್ಚರಿಕೆ: ಮುಟ್ಟು ಹಿಂದೆಮುಂದೆ ಆಗುತ್ತಿದೆ ಅಂದರೆ ಗರ್ಭ ನಿಲ್ಲುವ ಸಾಧ್ಯತೆ ಇನ್ನೂ ಇದೆ. ಗರ್ಭಿಣಿಯರು ರೆಟಿನಾಲ್ ಹಚ್ಚಬಾರದು.

ಹಾರ್ಮೋನ್ ಚಿಕಿತ್ಸೆ ಬಗ್ಗೆ ತುಂಬಾ ಜನ ಕೇಳುತ್ತೀರಿ. ಬರೀ ಚರ್ಮಕ್ಕಾಗಿ ಅದನ್ನು ಕೊಡುವುದಿಲ್ಲ. ಮೈ ಬಿಸಿಯೇರುವುದು, ನಿದ್ದೆ ಬಾರದಿರುವುದು ಜೊತೆಗಿದ್ದರೆ ಡಾಕ್ಟರ ಹತ್ತಿರ ಕೂತು ಮಾತಾಡಿ.

ವಾರಗಟ್ಟಲೆ ಮೈಯೆಲ್ಲಾ ತುರಿಸಿದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಿರಬೇಡಿ. ಥೈರಾಯ್ಡ್, ಕಬ್ಬಿಣದ ಕೊರತೆಯಲ್ಲೂ ಹಾಗಾಗುತ್ತದೆ. ಮಚ್ಚೆಯ ಆಕಾರ, ಬಣ್ಣ ಬದಲಾದರಂತೂ ತಡ ಮಾಡಬೇಡಿ. ಹೋಗುವಾಗ ಹಚ್ಚುತ್ತಿರುವ ಟ್ಯೂಬುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಳ್ಳಿ. ಅಲ್ಲಿ ಕೂತಾಗ ಹೆಸರು ಮರೆತು ಹೋಗಿರುತ್ತದೆ, ಮುಚ್ಚಳದ ಬಣ್ಣ ಮಾತ್ರ ನೆನಪಿರುತ್ತದೆ.