ಒಳಮೈ ಹೊರಗಾದ ಚೀಲ

ಕೇಳುಗರಿಗೆ ನಮಸ್ಕಾರ.

ಗಿನಿಪಿಗ್ ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತದೆ. ಮೈತುಂಬ ಕೂದಲು, ಬಾಯಲ್ಲಿ ಹಲ್ಲು. ಒಂದೆರಡು ದಿನದಲ್ಲೇ ಹುಲ್ಲು ಮೆಲ್ಲಲು ಶುರು. ಇಲಿಮರಿ ಹಾಗಲ್ಲ. 21-22 ದಿನಕ್ಕೇ ಹುಟ್ಟಿ, ಮೈಮೇಲೆ ಕೂದಲಿಲ್ಲದೆ ಕಣ್ಣು ಮುಚ್ಚಿಕೊಂಡು ಬಿದ್ದಿರುತ್ತದೆ. ಗಿನಿಪಿಗ್ ಬಸಿರು ಸುಮಾರು 68 ದಿನ. ಅಷ್ಟು ದಿನ ಮರಿಯನ್ನು ಕಾಯುವ ಪೊರೆಗಳ ಕಥೆ ಇವತ್ತಿನದು.

ಜರ್ಮನಿಯ ಗೀಸೆನ್‌ನಲ್ಲಿದ್ದ ಥಿಯೋಡೋರ್ ಬಿಶೋಫ್ ಮೊಲ, ನಾಯಿಗಳ ಭ್ರೂಣ ನೋಡಿ ಪಳಗಿದವರು. 1852ರಲ್ಲಿ ಗಿನಿಪಿಗ್ ಬಗ್ಗೆ ಬರೆಯುವ ಹೊತ್ತಿಗೆ ಅವರಿಗೊಂದು ಒಗಟು ಎದುರಾಗಿತ್ತು. ಎಳೆಯ ಭ್ರೂಣದಲ್ಲಿ ಚರ್ಮ, ನರಗಳಾಗುವ ಪದರ ಹೊರಗಡೆ, ಕರುಳಾಗುವ ಪದರ ಒಳಗಡೆ ಇರಬೇಕು. ಇಲ್ಲಿ ಎಲ್ಲ ಉಲ್ಟಾ! ಒಗಟು ಬಿಡಿಸಲು ಮೂವತ್ತು ವರ್ಷ ಹಿಡಿಯಿತು. ಭ್ರೂಣವನ್ನು ತೆಳ್ಳಗೆ ಪದರ ಪದರವಾಗಿ ಕೊಯ್ದು ಹಲವರು ನೋಡಿದರು. 1884ರಲ್ಲಿ ಜರ್ಮನಿಯ ಪ್ರಾಣಿವಿಜ್ಞಾನಿ ಎಮಿಲ್ ಸೆಲೆಂಕಾ ಈ ತಿರುವುಮುರುವಿನ ಮೇಲೆಯೇ ಪುಸ್ತಕ ತಂದರು.

ಆಗುವುದು ಇಷ್ಟು. ಆರು ಏಳನೇ ದಿನಕ್ಕೆ ಭ್ರೂಣ ಗರ್ಭಕೋಶದ ಗೋಡೆಯೊಳಗೆ ಪೂರ್ತಿ ಹುದುಗಿಕೊಳ್ಳುತ್ತದೆ. ಮನುಷ್ಯರಲ್ಲೂ ಹೀಗೇ. ಆಮೇಲೆ ಗಿನಿಪಿಗ್ ಭ್ರೂಣದ ಹೊರಗೋಡೆ, ಮಾಸು (ಪ್ಲಾಸೆಂಟಾ) ಬೆಳೆಯುವ ಕಡೆ ಬಿಟ್ಟು, ಕರಗಿಹೋಗುತ್ತದೆ. ಆಗ ಭ್ರೂಣಕ್ಕೆ ಅಂಟಿಕೊಂಡ ಹಳದಿ ಚೀಲದ, ಅಂದರೆ ಯೋಕ್ ಸ್ಯಾಕ್‌ನ, ಒಳಮೈ (ಕರುಳಾಗುವ ಪದರದ ಕಡೆ) ನೇರವಾಗಿ ಗರ್ಭಕೋಶಕ್ಕೆ ಮುಖಮಾಡುತ್ತದೆ, ಒಗೆಯುವ ಮೊದಲು ತಿರುವಿಹಾಕಿದ ದಿಂಬಿನ ಚೀಲದ ಹಾಗೆ. ಪದರಗಳ ಕೆಲಸ ಬದಲಾಗಿಲ್ಲ, ಜಾಗ ಬದಲಾಗಿದೆ ಅಷ್ಟೇ. ಇಲಿಯಲ್ಲೂ ಚೀಲ ತಿರುವಿಕೊಳ್ಳುತ್ತದೆ. ಆದರೆ ಹೊರಗೋಡೆ ಹೆರಿಗೆಗೆ ಕೆಲವೇ ದಿನ ಇರುವವರೆಗೂ ಉಳಿದಿರುತ್ತದೆ.

ಕೋಳಿಮೊಟ್ಟೆಯಲ್ಲಾದರೆ ಈ ಚೀಲದ ತುಂಬ ಹಳದಿ ಇರುತ್ತದೆ, ಮರಿಗೆ ಅದೇ ಊಟ. ಗಿನಿಪಿಗ್‌ನಲ್ಲಿ ಹಳದಿಯೇ ಇಲ್ಲ. ಊಟ, ಉಸಿರು ಮುಖ್ಯವಾಗಿ ಮಾಸಿನಿಂದ. ಮತ್ತೆ ಸುಮ್ನೆ ಯಾಕೆ ಚೀಲ ಅನ್ನಿಸುತ್ತದೆ, ಅಲ್ವಾ? ನನಗೆ ಜಾಸ್ತಿ ಇಷ್ಟವಾಗುವುದು ಇದರ ಉತ್ತರವೇ. ತಾಯಿಯ ರಕ್ತದಲ್ಲಿರುವ ಆಂಟಿಬಾಡಿಗಳು, ಅಂದರೆ ರೋಗ ತಡೆಯುವ ಪ್ರೋಟೀನುಗಳು, ಗರ್ಭಕೋಶದ ರಸಕ್ಕೆ ಇಳಿಯುತ್ತವೆ. ಚೀಲದ ಮೇಲೆ ಕರುಳಿನ ಒಳಗಿರುವಂಥ ಪುಟ್ಟ ಪುಟ್ಟ ಕುಚ್ಚುಗಳಿವೆ. ಅವು ಆಂಟಿಬಾಡಿಗಳನ್ನು ಹೀರಿಕೊಂಡು ಮರಿಯ ರಕ್ತಕ್ಕೆ ದಾಟಿಸುತ್ತವೆ. ಹೊರಗೋಡೆ ಇಲ್ಲದ್ದರಿಂದ ದಾರಿಯಲ್ಲಿ ಅಡ್ಡಿಯೂ ಇಲ್ಲ. ಆಕಳ ಕರುವಿಗೆ ಹೊಟ್ಟೆಯೊಳಗೆ ಇಂಥ ದಾರಿ ಇಲ್ಲ. ಅದಕ್ಕೇ ಹುಟ್ಟಿದ ಕೂಡಲೇ ಅದಕ್ಕೆ ಗಿಣ್ಣುಹಾಲು ಕುಡಿಸಬೇಕು. ಗಿನಿಪಿಗ್ ಮರಿ ಆಂಟಿಬಾಡಿಗಳನ್ನು ಬಹುಪಾಲು ಒಳಗಿನಿಂದಲೇ ಪಡೆದು ಬರುತ್ತದೆ.

ದಕ್ಷಿಣ ಅಮೆರಿಕದ ಕ್ಯಾಪಿಬಾರಾ, ಅಗೂಟಿ, ಚಿಂಚಿಲ್ಲಾ ಎಂಬ ದಂಶಕಗಳಲ್ಲೂ ಈ ತಿರುವಿದ ಚೀಲವಿದೆ. ನಮ್ಮ ಕಾಡಿನ ಮುಳ್ಳುಹಂದಿ ಕೂಡ ಇದೇ ದೊಡ್ಡ ಬಳಗದ್ದು. ಅದರ ಮರಿಯೂ ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತದೆ.

ನಮಸ್ಕಾರ.