ಟೈಲ್ಸ್ ಮೇಸ್ತ್ರಿಯನ್ನು ಗೊತ್ತು ಮಾಡುವ ಮೊದಲು: ಎರಡು ಮಳೆಗಾಲ ಕಂಡ ನೆಲ ತಟ್ಟಿ ನೋಡಿ

(ದೃಶ್ಯ: ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಮನೆಯ ಚಾವಡಿ. ಕೈಯಲ್ಲಿ ಐದು ರೂಪಾಯಿ ನಾಣ್ಯ. ನೆಲಕ್ಕೆ ತಟ್ಟುವ ಸದ್ದು.)

ಕೇಳಿ. ಈ ಟೈಲು: ಟಕ್, ಟಕ್. ಈಗ ಪಕ್ಕದ್ದು: ಡಬ್, ಡಬ್. ಗೊತ್ತಾಯ್ತಲ್ಲ? ಮೇಲಿಂದ ನೋಡಿದರೆ ಎರಡೂ ಒಂದೇ. ಆದರೆ ಎರಡನೆಯದರ ಅಡಿ ಟೊಳ್ಳು.

ನಮಸ್ಕಾರ. ಇದು ನಮ್ಮದೇ ಮನೆ. ನಾಲ್ಕು ವರ್ಷದ ಹಿಂದೆ ಏಪ್ರಿಲಿನ ಒಂದು ಮಧ್ಯಾಹ್ನ ಊಟ ಮುಗಿಸಿ ಕೂತಿದ್ದೆವು. ಪಟಾರ್ ಅಂತ ಸದ್ದು. ತೆಂಗಿನಕಾಯಿ ಬಿತ್ತು ಅಂತ ಅಮ್ಮ ಅಂಗಳಕ್ಕೆ ಓಡಿದರು. ನೋಡಿದರೆ ಚಾವಡಿಯಲ್ಲೇ ಒಂದು ಸಾಲು ಟೈಲು ನೆಲ ಬಿಟ್ಟು ಮನೆಯ ಮಾಡಿನ ಹಾಗೆ ಎದ್ದು ನಿಂತಿದೆ. ಎತ್ತಿ ನೋಡಿದೆ. ಹಿಂಬದಿ ಪೆಟ್ಟಿಗೆಯಿಂದ ಈಗ ತೆಗೆದದ್ದರಷ್ಟೇ ಸ್ವಚ್ಛ, ಸಿಮೆಂಟು ಹಿಡಿದೇ ಇರಲಿಲ್ಲ. ಹಾಕಿದವರ ಮೇಲೆ ಸಿಟ್ಟು ಬಂತು, ಹೌದು. ಆದರೆ ಗೃಹಪ್ರವೇಶಕ್ಕೆ ಹನ್ನೊಂದೇ ದಿನ ಉಳಿದಿದೆ, ಹೇಗಾದರೂ ಮುಗಿಸಿಕೊಡಿ ಅಂತ ಒತ್ತಾಯ ಮಾಡಿದ್ದು ನಾವೇ.

ಅಲ್ಲಿ ಎರಡು ತಪ್ಪಾಗಿತ್ತು. ಮೊದಲನೆಯದನ್ನು ಕಣ್ಣಾರೆ ನೋಡಿ.

(ದೃಶ್ಯ: ಮೇಜಿನ ಮೇಲೆ ಎರಡು ಟೈಲು ಕವುಚಿ ಇಟ್ಟಿದೆ. ಎರಡರ ಬೆನ್ನಿಗೂ ಒಂದೊಂದು ಚಮಚ ನೀರು.)

ಎಡಗಡೆ ಇರುವುದು ಅಡುಗೆಮನೆಯ ಗೋಡೆಗೆ ಹಾಕುವ ಸೆರಾಮಿಕ್ ಟೈಲು. ನೀರು ಹಾಕಿದ ಸ್ವಲ್ಪ ಹೊತ್ತಿಗೆ ಹೀರಿಕೊಂಡಿತು, ಕಲೆ ಮಾತ್ರ ಕಾಣ್ತದೆ. ಇಂಥ ಗೋಡೆ ಟೈಲು ತನ್ನ ತೂಕದ ಶೇಕಡಾ 10ಕ್ಕಿಂತ ಹೆಚ್ಚು ನೀರು ಕುಡಿಯುತ್ತದೆ. ಬಲಗಡೆ ನಾವು ಚಾವಡಿಯ ನೆಲಕ್ಕೆ ಹಾಕಿದಂಥ ವಿಟ್ರಿಫೈಡ್ ಟೈಲು. ನೀರು ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ನಿಂತಿದೆ. ಇದು ಹೀರುವುದು ಅರ್ಧ ಶೇಕಡಾಕ್ಕಿಂತ ಹೆಚ್ಚಿಲ್ಲ. ಟೈಲು ಹೀರಿಕೊಂಡರೆ ತಾನೇ ಸಿಮೆಂಟಿನ ಹಾಲು ಒಳಗಿಳಿದು ಬೇರು ಬಿಡುವುದು? ಹೀರದ ಟೈಲಿಗೆ ಬರೀ ಸಿಮೆಂಟು ನೀರು ಸುರಿದು ಕೂರಿಸಿದರೆ ಅದು ಕೂತ ಹಾಗೆ ಕಾಣ್ತದೆ, ಅಷ್ಟೇ. ಇದಕ್ಕೆ ಟೈಲ್ ಅಂಟೇ ಬೇಕು. ಚೀಲದ ಮೇಲೆ ಐಎಸ್ 15477 ಅಂತ ಭಾರತೀಯ ಮಾನಕದ ನಂಬರು ಇರ್ತದೆ, ಟೈಪ್ ಎಷ್ಟು ಅಂತಲೂ ಇರ್ತದೆ. ನಿಮ್ಮ ಟೈಲಿನ ಜಾತಿ, ಅಳತೆ ಹೇಳಿ, ಯಾವ ಟೈಪ್ ಬೇಕು ಅಂತ ಅಂಗಡಿಯಲ್ಲೇ ಕೇಳಿ. ಅಂಟಿಗೆ ಸಿಮೆಂಟು ಬೆರೆಸಿ ಚೀಲ ಉಳಿಸುವವರು ಉಂಟು. ದಯವಿಟ್ಟು ಬಿಡಬೇಡಿ.

ಎರಡನೆಯ ತಪ್ಪು, ಸಂದು ಇಡದೆ ಟೈಲಿಗೆ ಟೈಲು ತಾಗಿಸಿದ್ದು. ಬಿಸಿಲಿಗೆ ಟೈಲೂ ಹಿಗ್ಗುತ್ತದೆ. ಹಿಗ್ಗಲಿಕ್ಕೆ ಜಾಗ ಇಲ್ಲದಿದ್ದರೆ ಮೇಲೇಳದೆ ಎಲ್ಲಿಗೆ ಹೋಗಬೇಕು ಹೇಳಿ? ಟೈಲುಗಳ ನಡುವೆ ಎರಡು ಮೂರು ಮಿಲಿಮೀಟರಿನ ಸ್ಪೇಸರ್ (ಸಂದು ಬಿಡಿಸುವ ಪ್ಲಾಸ್ಟಿಕ್ ತುಂಡು) ಇಟ್ಟೇ ಹಾಕಬೇಕು, ಗೋಡೆಯ ಬುಡದಲ್ಲೂ ಸ್ವಲ್ಪ ಸಂದು ಬಿಡಬೇಕು. ಅದು ಸ್ಕರ್ಟಿಂಗಿನ, ಅಂದರೆ ಗೋಡೆಯ ಬುಡಕ್ಕೆ ಹಾಕುವ ಟೈಲು ಪಟ್ಟಿಯ ಅಡಿ ಮುಚ್ಚಿ ಹೋಗ್ತದೆ. ಸಂದು ಕಂಡರೆ ಚಂದ ಇಲ್ಲ ಅಂತ ಮನೆಯವರೇ ಬೇಡ ಅನ್ನುವುದುಂಟು. ನಾವೂ ಅಂದಿದ್ದೆವು.

ಹಾಗಾದರೆ ಒಳ್ಳೆಯ ಮೇಸ್ತ್ರಿಯನ್ನು ಹುಡುಕುವುದು ಹೇಗೆ? ಮೊಬೈಲಿನಲ್ಲಿ ಅವರು ತೋರಿಸುವ ಫೋಟೋ ನಂಬಬೇಡಿ. ಮೊನ್ನೆ ಮುಗಿದ ನೆಲ ಎಲ್ಲವೂ ಕನ್ನಡಿಯ ಹಾಗೇ ಇರ್ತದೆ. ಕುಂಬಳೆಯಿರಲಿ, ಮುಳ್ಳೇರಿಯವಿರಲಿ, ಅವರು ಎರಡು ವರ್ಷದ ಹಿಂದೆ ಹಾಕಿದ ಒಂದು ಮನೆಗೆ ಹೋಗಿ. ನಮ್ಮ ಎರಡು ಮಳೆಗಾಲ, ಎರಡು ಬೇಸಿಗೆ ಕಂಡ ನೆಲ ಸುಳ್ಳು ಹೇಳುವುದಿಲ್ಲ. ಮನೆಯವರ ಒಪ್ಪಿಗೆ ಕೇಳಿ ನಾಣ್ಯದಿಂದ ತಟ್ಟಿ. ಟೈಲಿನ ಮೂಲೆಗಳನ್ನು ಮುಖ್ಯವಾಗಿ ತಟ್ಟಿ, ಟೊಳ್ಳು ಇರುವುದು ಹೆಚ್ಚಾಗಿ ಅಲ್ಲಿಯೇ. ಆಮೇಲೆ ಬಚ್ಚಲಿಗೆ ಹೋಗಿ ಒಂದು ಚೆಂಬು ನೀರು ಚೆಲ್ಲಿ. ನೀರು ತಾನಾಗಿ ತೂತಿನ ಕಡೆ ಹರಿಯಿತೋ, ಮೂಲೆಯಲ್ಲಿ ನಿಂತಿತೋ? ಆ ಮೇಸ್ತ್ರಿಯ ಬಗ್ಗೆ ಇದಕ್ಕಿಂತ ಹೆಚ್ಚು ಕೇಳಲಿಕ್ಕಿಲ್ಲ.

ಕೂಲಿಯ ವಿಷಯ. ಚಾವಡಿ, ಕೋಣೆಗಳಂಥ ನೇರ ಕೆಲಸಕ್ಕೆ ಚದರ ಅಡಿಯ ಲೆಕ್ಕದ ಕಾಂಟ್ರಾಕ್ಟು ಸರಿ. ಬಚ್ಚಲಿಗೆ ಮಾತ್ರ ದಿನಕ್ಕೆ ಇಷ್ಟು ಅಂತ ಸಂಬಳಕ್ಕೇ ಕರೆಯಿರಿ ಅಂತ ನನ್ನ ಅಭಿಪ್ರಾಯ. ಅಲ್ಲಿ ಇಳಿಜಾರು, ಪೈಪು, ಕತ್ತರಿಸುವುದು ಎಲ್ಲ ನಿಧಾನದ ಕೆಲಸ. ಅಡಿ ಲೆಕ್ಕ ಇಟ್ಟರೆ ಅವರೂ ಓಡಲೇಬೇಕಾಗ್ತದೆ. ಸ್ಕರ್ಟಿಂಗ್, ಮೆಟ್ಟಿಲಿನ ಅಂಚು, ಪೆಟ್ಟಿಗೆ ಮಾಳಿಗೆಗೆ ಹೊರುವುದು, ಚೂರು ಗುಡಿಸಿ ಸಾಗಿಸುವುದು, ಇವೆಲ್ಲ ಆ ದರದಲ್ಲಿ ಸೇರಿದೆಯೋ ಇಲ್ಲವೋ ಅಂತ ಬರೆಸಿಕೊಳ್ಳಿ. ಎಸ್ಟಿಮೇಟು ಮಲಯಾಳದಲ್ಲಿ ಬಂದರೆ, ಓದಲಿಕ್ಕೆ ಬಾರದವರು ನಾಚಿಕೆ ಪಡದೆ ಗೊತ್ತಿದ್ದವರಿಂದ ಪೂರ್ತಿ ಓದಿಸಿಕೊಳ್ಳಿ. ಕೊನೆಯ ಕಂತಿನ ಹಣ ಇಡೀ ನೆಲ ತಟ್ಟಿ ನೋಡಿದ ಮೇಲೆಯೇ ಕೊಡುವುದು ಅಂತ ಮೊದಲೇ ಹೇಳಿಬಿಡಿ. ಒಳ್ಳೆಯ ಕೆಲಸಗಾರರಿಗೆ ಇದರಿಂದ ಬೇಜಾರಾಗುವುದಿಲ್ಲ.

ಪೆಟ್ಟಿಗೆಯ ಲೆಕ್ಕವೂ ಒಂದುಂಟು. ಎರಡಡಿ ಟೈಲು ಅಂತ ನಾವು ಕರೆಯುವುದು ನಿಜಕ್ಕೂ 600 ಮಿಲಿಮೀಟರು, ಎರಡಡಿಗೆ ಸ್ವಲ್ಪ ಕಡಿಮೆ. ನಾಲ್ಕು ಟೈಲಿನ ಪೆಟ್ಟಿಗೆಯಲ್ಲಿ 16 ಅಲ್ಲ, 15.5 ಚದರ ಅಡಿ. ಸಾವಿರ ಅಡಿಯ ಮನೆಗೆ ಅಲ್ಲಿಗೇ ಎರಡು ಪೆಟ್ಟಿಗೆ ಕಡಿಮೆ ಬೀಳ್ತದೆ. ಕತ್ತರಿಸುವಾಗ ಹಾಳಾಗುವುದಕ್ಕೆ ನೂರಕ್ಕೆ ಐದರಿಂದ ಹತ್ತು ಹೆಚ್ಚು ತನ್ನಿ.

(ದೃಶ್ಯ: ಕೆಲಸ ನಡೆಯುತ್ತಿರುವ ಬಚ್ಚಲು. ನೆಲದಲ್ಲಿ ನಿಂತ ನೀರು.)

ಕೆಲಸದ ಎಲ್ಲ ದಿನ ನೀವು ಅಲ್ಲಿ ನಿಂತಿರಬೇಕಿಲ್ಲ. ಎರಡು ದಿನ ಮಾತ್ರ ತಪ್ಪಿಸಬೇಡಿ. ಒಂದು, ಬಚ್ಚಲಿಗೆ ವಾಟರ್‌ಪ್ರೂಫಿಂಗ್ ಮಾಡಿ ಒಣಗಿದ ಮೇಲೆ ತೂತು ಮುಚ್ಚಿ ನೀರು ನಿಲ್ಲಿಸುವ ದಿನ. ಕಡಿಮೆಯೆಂದರೆ 24 ಗಂಟೆ ನಿಲ್ಲಲಿ, ಕೆಳಗೆ, ಆಚೆ ಗೋಡೆಗೆ ಪಸೆ ಬಂತೋ ನೋಡಿ. ನಮ್ಮ ಮುರಕಲ್ಲಿನ ಗೋಡೆ ನೀರು ಸಿಕ್ಕಿದರೆ ಬಿಡುವುದಿಲ್ಲ. ಇನ್ನೊಂದು, ಟೈಲು ಹಾಕುವ ಮೊದಲ ದಿನ. ಹಲ್ಲಿರುವ ಕರಣೆಯಿಂದ ಅಂಟನ್ನು ಇಡೀ ನೆಲಕ್ಕೆ ಗೆರೆಗೆರೆಯಾಗಿ ಎಳೆಯಬೇಕು. ಐದು ಕಡೆ ಉಂಡೆ ಇಟ್ಟು ಒತ್ತಿದರೆ ನಡುವೆ ಎಲ್ಲ ಗಾಳಿ. ಸಂಶಯ ಬಂದರೆ, "ಮೇಸ್ತ್ರಿಗಳೇ, ಈಗ ಕೂರಿಸಿದ್ದು ಒಂದನ್ನು ಎತ್ತಿ ತೋರಿಸ್ತೀರಾ?" ಅಂತ ಕೇಳಿ. ಬೆನ್ನು ಪೂರ್ತಿ ಅಂಟು ಹಿಡಿದಿರಬೇಕು. ಮರುದಿನದವರೆಗೆ ಅದರ ಮೇಲೆ ಯಾರೂ ನಡೆಯಬಾರದು. ಸಂದು ತುಂಬುವ ಗ್ರೌಟೂ ಆಮೇಲೆಯೇ.

ಇನ್ನು ನೋಡಿಕೊಳ್ಳುವುದು. ಬಚ್ಚಲು ಬಿಳಿಯಾಗಬೇಕು ಅಂತ ಆಸಿಡ್ ಸುರಿಯುತ್ತೇವೆ. ಟೈಲಿನ ಹೊಳಪಿಗೆ ಅದು ಅಷ್ಟು ಬೇಗ ಏನೂ ಮಾಡದು, ಆದರೆ ಸಂದಿನ ಸಿಮೆಂಟು ಗ್ರೌಟನ್ನು ತಿಂದುಹಾಕುತ್ತದೆ. ನೀರು ಆ ದಾರಿಯಲ್ಲೇ ಅಡಿಗೆ ಇಳಿಯುವುದು. ಆಸಿಡಿನ ಜೊತೆ ಬ್ಲೀಚಿಂಗ್ ಪುಡಿ ಮಾತ್ರ ಸೇರಿಸಲೇಬೇಡಿ. ಕ್ಲೋರಿನ್ ಅನಿಲ ಬರ್ತದೆ, ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಜೀವಕ್ಕೇ ಅಪಾಯ. ಸಾಬೂನು ನೀರು, ಮೆತ್ತಗಿನ ಬ್ರಷ್ಷು ದಿನಾಲೂ ಸಾಕು. ಅಡಿಕೆ ಸುಲಿಯುವ, ಎಲೆಯಡಿಕೆ ಹಾಕುವ ಜಗಲಿಗೆ, ಅಡುಗೆಮನೆಗೆ ಖರ್ಚು ಹೆಚ್ಚಾದರೂ ಸಿಮೆಂಟಿನ ಬದಲು ರಾಳದಿಂದ ಮಾಡಿದ ಎಪಾಕ್ಸಿ ಗ್ರೌಟ್ ಹಾಕಿಸಿ. ಸಿಮೆಂಟು ಗ್ರೌಟು ಕುಡಿದ ಕಲೆ ಹೋಗುವುದಿಲ್ಲ.

(ದೃಶ್ಯ: ಕ್ಯಾಮೆರಾ ಚಾವಡಿಯ ನೆಲದ ಮೇಲೆ ನಿಧಾನವಾಗಿ ಸರಿಯುತ್ತದೆ.)

ಇಲ್ಲಿ ನೋಡಿ, ಈ ಒಂಬತ್ತು ಟೈಲು. ಎದ್ದುಹೋದ ಸಾಲಿಗೆ ಆಮೇಲೆ ತಂದು ಹಾಕಿದ್ದು. ಅದೇ ಕಂಪೆನಿ, ಅದೇ ಹೆಸರು, ಆದರೆ ಬೇರೆ ಬ್ಯಾಚು. ಬೆಳಗ್ಗಿನ ಬಿಸಿಲು ಬಿದ್ದಾಗ ಬಣ್ಣದ ವ್ಯತ್ಯಾಸ ಎದ್ದು ಕಾಣ್ತದೆ. ನಿಮ್ಮ ಕೆಲಸ ಮುಗಿದಾಗ ಒಂದು ಪೆಟ್ಟಿಗೆ ಉಳಿದರೆ ಅಂಗಡಿಗೆ ಹಿಂದೆ ಕೊಡಬೇಡಿ. ಪೆಟ್ಟಿಗೆಯ ಬದಿಯ ಬ್ಯಾಚು, ಶೇಡ್ ನಂಬರನ್ನು ಮಾರ್ಕರಿನಿಂದ ದಪ್ಪಗೆ ಬರೆದು ಅಟ್ಟಕ್ಕೆ ಏರಿಸಿಡಿ.