ಕೋಡುಬಳೆ ಮತ್ತು ಕಡಲಂಚಿನ ಕಾಡು

ಎಲ್ಲರಿಗೂ ನಮಸ್ಕಾರ. ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ಕಾಫಿ ಬಗ್ಗೆ ಮಾತಾಡಿ ಅಂತ ಚಿಕ್ಕಮಗಳೂರಿಗೆ ಕರೆಸಿದ್ದೀರಿ. ಕಾಫಿಯದು ಒಂದೇ ಮಾತಲ್ಲಿ ಮುಗಿಸ್ತೀನಿ. ಆ ದೇಶದಲ್ಲಿ 2018ರವರೆಗೂ ರೊಬಸ್ಟಾ ಜಾತಿಯ ಕಾಫಿ ಬೆಳೆಯೋದಕ್ಕೇ ಕಾನೂನಿನ ನಿಷೇಧ ಇತ್ತು. ರೊಬಸ್ಟಾ ಬೆಳೆಯೋ ನಮ್ಮ ಮೂಡಿಗೆರೆ ಕಡೆಯವರು ಅಲ್ಲಿದ್ದಿದ್ರೆ ಅರ್ಧ ಊರು ಕೋರ್ಟಿಗೆ ಅಲೀತಿತ್ತು.

ತೋಟ ನೋಡಿ ಆದ ಮೇಲೆ ಪೆಸಿಫಿಕ್ ತೀರದ ಮ್ಯಾನುಯೆಲ್ ಆಂಟೋನಿಯೊ ರಾಷ್ಟ್ರೀಯ ಉದ್ಯಾನಕ್ಕೆ ಹೋದ್ವಿ. ನನಗೆ ಹೇಳಬೇಕಾಗಿರೋದು ಅದರ ಕಥೆ. ಹಿಂದೆ ಅಲ್ಲಿ ಕಡಲಿಗೆ ಹೋಗೋ ದಾರಿಗೆ ಜಮೀನಿನ ಮಾಲೀಕರು ಗೇಟು ಹಾಕಿದ್ರಂತೆ. ಊರಿನವರು ಗೇಟು ಕಿತ್ತು ಹೋರಾಡಿದ್ರು. 1972ರಲ್ಲಿ ಅದು ರಾಷ್ಟ್ರೀಯ ಉದ್ಯಾನ ಆಯ್ತು.

ನಮಗೆ ಸಮುದ್ರ ಕಾಣಬೇಕಂದ್ರೆ ಚಾರ್ಮಾಡಿ ಇಳೀಬೇಕು, ಬೆಳ್ತಂಗಡಿ ದಾಟಬೇಕು. ಅಲ್ಲಿ ಕಾಡೇ ಗುಡ್ಡ ಇಳಿದು ಉಪ್ಪುನೀರಿಗೆ ಕಾಲಿಟ್ಟಿದೆ. ಒಂದು ಕಾಲದ ದ್ವೀಪವೊಂದು, ಅಲೆ ತಂದ ಮರಳು ನಡುವೆ ತುಂಬಿ, ನೆಲಕ್ಕೆ ಅಂಟಿಕೊಂಡಿದೆ. ಆ ಮರಳಿನ ಕುತ್ತಿಗೆಯ ಎರಡೂ ಕಡೆ ಬೀಚು. ನೆರಳು ಚೆನ್ನಾಗಿದೆ ಅಂತ ಎಲ್ಲೆಂದ್ರಲ್ಲಿ ಕೂರೋ ಹಾಗಿಲ್ಲ. ಮಾನ್ಸಾನಿಯೊ ಅಂತ ಒಂದು ಮರ ಇದೆ, ಸಣ್ಣ ಹಸಿರು ಸೇಬಿನಂಥ ಕಾಯಿ. ನಮ್ಮ ಚೇರು ಮರದ ಸೊನೆ ತಾಗಿದ್ರೆ ಮೈ ಊದಿಕೊಳ್ಳಲ್ವಾ, ಇದು ಅದರ ಅಪ್ಪ. ಮಳೆಗೆ ಅದರಡಿ ನಿಂತ್ರೂ ಬೊಕ್ಕೆ ಏಳುತ್ತೆ.

ಸ್ಲಾತ್ ಅಂತ ಮರಕ್ಕೆ ಜೋತುಬಿದ್ದೇ ಇರೋ ಬಲು ನಿಧಾನದ ಪ್ರಾಣಿ ಇದೆ. ಅದನ್ನ ನೋಡಿದ್ದು ಗೈಡ್‌ನ ದೂರದರ್ಶಕದಲ್ಲಿ. ಬರಿಗಣ್ಣಿಗೆ ಮರದ ಗಂಟು, ಅಷ್ಟೇ. ಇದು ನಮ್ಮ ಕಾಡುಪಾಪದ ನೆಂಟ ಇರಬೇಕು ಅಂದ್ಕೊಂಡಿದ್ದೆ, ಅಲ್ಲ, ಇರುವೆಭಕ್ಷಕದ ಬಳಗ. ರೋಮದ ಮೇಲೆ ಪಾಚಿ ಬೆಳೆದು ಹಸಿರಾಗಿತ್ತು. ಮೂರು ಉಗುರಿನ ಜಾತಿಯದು ವಾರಕ್ಕೊಂದು ಸಲ ಮಾತ್ರ ಮರ ಇಳಿಯುತ್ತಂತೆ, ಅದೂ ಮಲ ವಿಸರ್ಜನೆಗೆ. ಹತ್ತು ನಿಮಿಷ ಕಣ್ಣಿಟ್ಟು ನೋಡ್ದೆ. ಒಂದು ಕೈ ಎತ್ತಿತು. ಕೆರೆದುಕೊಳ್ಳುತ್ತೇನೋ ಅಂತ ಕಾದೆ. ಎತ್ತಿದ್ದನ್ನ ಹಾಗೇ ಇಳಿಸ್ತು.

ಈಗ ಕೋಡುಬಳೆ ವಿಷಯ. ಮನೆಯವಳು ಊರಿಂದ ಕಟ್ಟಿಕೊಟ್ಟಿದ್ದು. ಉದ್ಯಾನದ ಬಾಗಿಲಲ್ಲಿ ಕಾವಲುಗಾರ ಚೀಲ ಬಿಚ್ಚಿಸಿ, ಒಂದೊಂದೇ ಜೇಬು ತಡವಿ, ಡಬ್ಬಿ ತೆಗೆದು ಮೂಸಿ ನೋಡ್ದ. ತಿಂಡಿ ಒಳಗೆ ಹೋಗೋ ಹಾಗಿಲ್ಲ, ತುಂಬಿಸಿಕೊಳ್ಳೋ ಬಾಟಲಿಯಲ್ಲಿ ನೀರಾದ್ರೆ ಸರಿ. ನನಗೆ ಸಿಟ್ಟೇ ಬಂತು. ಒಳಗೆ ಹೋಗಿ ಅರ್ಧ ಗಂಟೆಗೆ ಸಿಟ್ಟು ಇಳೀತು. ಬಿಳಿ ಮುಖದ ಕ್ಯಾಪುಚಿನ್ ಕೋತಿಯೊಂದು ಮರಳ ಮೇಲಿದ್ದ ಯಾರದೋ ಬ್ಯಾಗಿನ ಜಿಪ್ಪು ನಮ್ಮ ಹಾಗೇ ಬೆರಳಲ್ಲಿ ಹಿಡಿದು ಎಳೀತಾ ಇತ್ತು. ಅಷ್ಟು ಹೊತ್ತಿಗೆ ಹಿಂದೆ ರಕೂನ್ ಅನ್ನೋ, ಕಣ್ಣಿನ ಸುತ್ತ ಕಪ್ಪು ಪಟ್ಟಿಯ ಪ್ರಾಣಿಯೊಂದು ಪಾಳಿಗೆ ನಿಂತಿತ್ತು! ತಿಂಡಿ ಸಿಗುತ್ತೆ ಅಂತ ಒಮ್ಮೆ ಗೊತ್ತಾದ ಕೋತಿ ಕಾಡಿನ ಹಣ್ಣು, ಹುಳ ಹುಡುಕೋದು ಬಿಟ್ಟು ಜನರ ಹಿಂದೆ ಬೀಳುತ್ತೆ, ಕಚ್ಚುತ್ತೆ. ಇನ್ನು ಅಳಿಲುಕೋತಿ ಅಂತ ಪುಟ್ಟದೊಂದು ಇದೆ. ಸಿಂಗಳೀಕಕ್ಕೆ ನಮ್ಮ ಪಶ್ಚಿಮ ಘಟ್ಟ ಹೇಗೋ, ಆ ಜಾತಿಗೆ ಕೋಸ್ಟರಿಕಾ, ಪನಾಮಾ ತೀರದ ತುಣುಕು ಕಾಡೇ ಗತಿ. ಅವು ಲೈನಿನ ತಂತಿ ಹಿಡಿದು ಸಾಯಬಾರದು ಅಂತ ರಸ್ತೆಯ ಮೇಲೆ ಮರದಿಂದ ಮರಕ್ಕೆ ಹಗ್ಗದ ಸೇತುವೆ ಕಟ್ಟಿದ್ದಾರೆ.

ಮೊನ್ನೆ ಭಾನುವಾರ ಚಾರ್ಮಾಡಿ ತಿರುವಿನಲ್ಲಿ ಒಂದು ಕಾರು ನಿಂತಿತ್ತು. ಕಿಟಕಿಯಿಂದ ಒಂದು ಮಗು ಚಿಪ್ಸ್ ಪ್ಯಾಕೆಟ್ಟನ್ನೇ ಚಾಚಿತ್ತು, ಅಪ್ಪ ವಿಡಿಯೋ ಮಾಡ್ತಿದ್ರು. ತಾಯಿಕೋತಿ ಮರಿಯನ್ನ ಹೊಟ್ಟೆಗೆ ಅವಚಿಕೊಂಡು ಟಾರಿನ ನಡುಮಧ್ಯ ಕೂತಿತ್ತು. ಇಳಿದು ಬೈಯೋಣ ಅಂದ್ಕೊಂಡೆ. ಹಿಂದೆ ಬಸ್ಸು ಹಾರನ್ ಹೊಡೀತು, ಹೊರಟೆ.

ಹಾಂ, ಕೋಡುಬಳೆ ಡಬ್ಬಿ ಹೊರಡುವಾಗ ವಾಪಸ್ ಸಿಕ್ತು. ಲೆಕ್ಕದಲ್ಲಿ ಎರಡು ಕಮ್ಮಿ ಇತ್ತು ಅಂತ ನನ್ನ ಗುಮಾನಿ. ಲೈಟು ಆರಿಸ್ತೀರಾ? ಫೋಟೋ ತೋರಿಸ್ತೀನಿ.